ಬಾಯಷ್ಟೇ ಆಡಿಸು, ರೇಣುಕಾ!

"ಸಣ್ಣ ಹುಡುಗೀಗೆ ದನಿ ತಗೀಬ್ಯಾಡ ಅಂದ ಹಾಡಿನ ಟೀಚರ್ ನೀವ ಏನ್ರಿ?"

ಮಹೇಶ್ವರಿ ಬೆಚ್ಚಿ ತಲೆ ಎತ್ತಿದಳು.

ಯಲಬುರ್ಗಾದಿಂದ ಕುಷ್ಟಗಿಗೆ ಹೊರಟ ಬೆಳಗಿನ ಬಸ್ಸು. ಕಾಲಿಡಲು ಜಾಗವಿಲ್ಲ. ಎಡಕ್ಕೆ ಹಾಲಿನ ಕ್ಯಾನು, ಬಲಕ್ಕೆ ಮೆಣಸಿನಕಾಯಿ ಚೀಲ, ಎದುರಿಗೆ ಕಣ್ಣು ಕೆಂಪಗೆ ಮಾಡಿಕೊಂಡು ನಿಂತ ಕಂಡಕ್ಟರ್! ಅವಳ ಆಧಾರ್ ಕಾರ್ಡು ಇನ್ನೂ ಅವನ ಕೈಯಲ್ಲೇ ಇತ್ತು.

"ಯಾರ್ರಿ ನೀವು? ಏನ್ ಮಾತಾಡ್ತೀರಿ?"

"ನಿಮ್ಮ ಸಾಲ್ಯಾಗ ನಾಕನೇತ್ತಾ ಓದೋ ರೇಣುಕಾನ ಸೋದರಮಾವ, ಗವಿಸಿದ್ದೇಶ. ಈ ರೂಟಿಗೆ ಇವತ್ತ ಹಾಕ್ಯಾರ. ಕಾರ್ಡಿನ್ಯಾಗ ಹೆಸರು ನೋಡಿ ಗೊತ್ತಾತು."

ಮಹೇಶ್ವರಿ ಮುಖ ತಿರುಗಿಸಿದಳು. ಹೌದು... ಹಾಗೆ ಹೇಳಿದ್ದು ಅವಳೇ.

ಕೊಪ್ಪಳದಲ್ಲಿ ನಡೆಯಲಿದ್ದ ಜಿಲ್ಲಾ ಮಟ್ಟದ ಸಮೂಹಗಾನ ಸ್ಪರ್ಧೆಗೆ ಇಪ್ಪತ್ತು ಮಕ್ಕಳನ್ನು ತಯಾರು ಮಾಡುತ್ತಿದ್ದಳು. ರೇಣುಕಾಳ ದನಿ ಒರಟು, ಶ್ರುತಿಗೆ ಕೂಡುತ್ತಿರಲಿಲ್ಲ. ಬಹುಮಾನಕ್ಕಾಗಿ ಎಷ್ಟೋ ಟೀಚರುಗಳು ಮಾಡುವುದನ್ನೇ ಅವಳೂ ಮಾಡಿದ್ದಳು. "ನೀ ದನಿ ತಗೀಬ್ಯಾಡವ್ವಾ, ಬಾಯಿ ಅಷ್ಟ ಆಡಸು" ಎಂದಿದ್ದಳು. ಹುಡುಗಿ ಸುಮ್ಮನೆ ತಲೆಯಾಡಿಸಿತ್ತು.

"ಅಷ್ಟಕ್ಕ ಇಷ್ಟ್ ಸಿಟ್ಟೇನ್ರಿ?"

"ಅಷ್ಟಕ್ಕ?" ಅವನ ದನಿ ಇಳಿಯಿತು. "ನಮ್ಮ ಅಕ್ಕ, ಮಾವ ದುಡಿಯಾಕ ಮಂಗಳೂರಿಗೆ ಹೋಗ್ಯಾರ್ರಿ, ಹುಡುಗಿ ನಮ್ಮ ಮನ್ಯಾಗ ಅದಾಳ. ದಿನಾ ಸಂಜಿಗೆ ಫೋನಿನ್ಯಾಗ ಅವ್ವಗ ನಿಮ್ಮ ಹಾಡು ಹಾಡತಿತ್ತು ಹುಡುಗಿ. ಅಕ್ಷರ ಕೂಡಿಸಾಕ ಬರಲಾರದಾಕಿ ಹಾಡಿನ ಪದ ಹಿಡಕೊಂಡ ಓದಾಕ ಕಲತ್ಲು. ಈಗ ಹಾಡೂದಿಲ್ಲ, ಸಾಲ್ಯಾಗ ಓದೂದಿಲ್ಲ. ಅವ್ವ ಮಾತಾಡಿಸಿದ್ರೂ ಬರೇ ಬಾಯಿ ಆಡಸ್ತಾಳ. ಫೋನಿನ್ಯಾಗ ಬಾಯಿ ಆಡಿಸಿದ್ರ ಆ ಕಡೆ ಏನ್ ಕೇಳಸ್ತೈತ್ರಿ?"

ಬಸ್ಸಿನ ತುಂಬ ಕಿವಿಗಳು! ಇಳಿದು ಓಡೋಣವೆಂದರೆ ಬಾಗಿಲವರೆಗೂ ಜನ. ಅವನು ಹೆಂಗಸರ ಶೂನ್ಯ ಟಿಕೆಟ್ ಹರಿದು, ಕಾರ್ಡಿನ ಜೊತೆ ಅವಳ ಕೈಗಿಟ್ಟು ಮುಂದೆ ಹೋದ.

'ಎಲ್ಲರ ಎದುರಿಗೆ ಮಾನ ಕಳೆದನಲ್ಲ... ಒರಟ!' ಎಂದುಕೊಂಡಳು. ಆದರೆ ಕಣ್ಣು ತುಂಬಿದ್ದು ಅವಮಾನಕ್ಕಲ್ಲ ಎಂದು ಅವಳಿಗೇ ಗೊತ್ತಿತ್ತು.

ಆ ದಿನ ತರಗತಿಯಲ್ಲಿ ಅವಳು "ಹಾಡವ್ವಾ ರೇಣುಕಾ" ಎಂದಳು. ಹುಡುಗಿ ಹೆದರಿದ ಕಣ್ಣುಗಳಿಂದ ನೋಡುತ್ತ ಬಾಯಷ್ಟೇ ಆಡಿಸಿತು.

ಹೊರಗೆ ಹೆಡ್‌ಮಾಸ್ತರ್ ಹುಸೇನಪ್ಪ ಕಾಯುತ್ತಿದ್ದರು. "ಬಹುಮಾನ ತರ್ರಿ ಟೀಚರ್. ಇಲ್ಲಾಂದ್ರ ಕಮಿಟಿಯವರು ಹಾಡಿನ ಪೀರಿಯಡ್ ಗಣಿತಕ್ಕ ಕೊಡ್ತಾರ. ಆಮ್ಯಾಲ ನಿಮ್ಮ ಕೆಲಸ ನನ್ನ ಕೈಯಾಗಿಲ್ಲ."

ಮನೆಗೆ ಬಂದರೆ ಅವ್ವ. "ನಿನ್ನ ಸ್ಪರ್ಧೆ ಮುಗದಮ್ಯಾಲಿನ ರವಿವಾರ ಗಂಗಾವತಿ ಮಂದಿ ನೋಡಾಕ ಬರ್ತಾರ. ಗೊಬ್ಬರದ ಅಂಗಡಿ ಐತಿ, ಭಾಳ ಛಲೋ ಮನಿತನ. ಲಗ್ನ ಆದಮ್ಯಾಲ ಹಾಡೂದು ಗೀಡೂದು ಬ್ಯಾಡಂತ. ನೀ ಏನೂ ಮಾತಾಡಬ್ಯಾಡ, ತಲಿ ಅಲ್ಲಾಡಸು ಸಾಕು."

ಮಹೇಶ್ವರಿ ತಲೆಯಲ್ಲಾಡಿಸಿದಳು. ಆಮೇಲೆ ನೆನಪಾಯಿತು... ರೇಣುಕಾ ಕೂಡ ಹೀಗೇ ತಲೆಯಾಡಿಸಿದ್ದಳು! ಶಾಲೆಯಲ್ಲೂ ಬಾಗಿಲು ಮುಚ್ಚಿದೆ, ಮನೆಯಲ್ಲೂ ಮುಚ್ಚಿದೆ. ಅವಳಿಗೆ ಉಸಿರು ಕಟ್ಟಿದಂತಾಯಿತು.

ದಿನವೂ ಅದೇ ಬಸ್ಸು, ಅದೇ ಕಂಡಕ್ಟರ್. ಅವನು ಮತ್ತೆ ಬೈಯಲಿಲ್ಲ. ಅವಳು ನಿಂತಿದ್ದರೆ ತನ್ನ ಸೀಟಿನ ಮೇಲಿನ ಚೀಲ ಎತ್ತಿಕೊಂಡು ಆ ಕಡೆ ತಿರುಗಿ ನಿಲ್ಲುತ್ತಿದ್ದ. ಟಿಕೆಟ್ ಕೊಡುವಾಗ ಏನೋ ಹೇಳಲು ಬಾಯಿ ತೆರೆದು ಮುಚ್ಚುತ್ತಿದ್ದ. 'ಇವನ ಮೇಲೆ ಸಿಟ್ಟು ಬರಬೇಕಲ್ಲ, ನಾಳೆಯ ಬಸ್ಸಿಗೆ ಯಾಕೆ ಕಾಯುತ್ತೇನೆ?' ಎಂದು ಅವಳು ತನ್ನನ್ನೇ ಗದರಿಕೊಳ್ಳುತ್ತಿದ್ದಳು.

ಸ್ಪರ್ಧೆಯ ದಿನ. ವೇದಿಕೆಯ ಹಿಂದೆ ಮಕ್ಕಳು ಸಾಲಾಗಿ ನಿಂತಿದ್ದರು. ಮಹೇಶ್ವರಿ ರೇಣುಕಾಳ ಮುಂದೆ ಮಂಡಿಯೂರಿದಳು.

"ನಾ ಹೇಳಿದ್ದು ತಪ್ಪವ್ವಾ. ಇವತ್ತ ದನಿ ತಗದು ಹಾಡು."

"ಹಾಡು ಕೆಡತೈತಲ್ರಿ ಟೀಚರ್?"

ಹುಸೇನಪ್ಪನವರ ಮಾತು ಕಿವಿಯಲ್ಲಿ ಗುಂಯ್ ಎಂದಿತು. ಕೆಲಸ... ಪೀರಿಯಡ್... ಎಲ್ಲ ಹೋಗುತ್ತದೆ!

"ಕೆಡ್ಲಿ," ಎಂದಳು.

ಹಾಡು ಶುರುವಾಯಿತು. ಮೊದಲ ಸಾಲಿಗೆ ರೇಣುಕಾ ಬಾಯಷ್ಟೇ ಆಡಿಸಿದಳು. ಅಷ್ಟರಲ್ಲಿ ಸಭಾಂಗಣದ ಬಾಗಿಲಲ್ಲಿ ಖಾಕಿ ಅಂಗಿಯೊಂದು ಕಂಡಿತು. ಅವತ್ತು ಕೊಪ್ಪಳದ ಬಸ್ಸಿಗೆ ಹಾಕಿಸಿಕೊಂಡು ಬಂದು, ಬಸ್ಸು ನಿಲ್ದಾಣದಲ್ಲಿ ನಿಂತಾಗ ಓಡಿಬಂದಿದ್ದ ಗವಿಸಿದ್ದೇಶ, ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದ. ಆ ಕಡೆ ಅವ್ವ ಕೇಳುತ್ತಿದ್ದಾಳೆಂದು ಹುಡುಗಿಗೆ ತಿಳಿಯಿತು.

ಎರಡನೇ ಸಾಲಿಗೆ ಆ ಒರಟು ದನಿ ಎದ್ದಿತು! ಶ್ರುತಿ ಬಿಟ್ಟು, ಎಲ್ಲರಿಗಿಂತ ಜೋರಾಗಿ. ತೀರ್ಪುಗಾರರು ಮುಖ ಮುಖ ನೋಡಿಕೊಂಡರು. ಮಹೇಶ್ವರಿ ನಗುತ್ತ ತಾಳ ಹಾಕಿದಳು.

ಬಹುಮಾನ ಬರಲಿಲ್ಲ. "ಸೋಮವಾರದಿಂದ ಹಾಡಿನ ಪೀರಿಯಡ್ ಇಲ್ರಿ," ಎಂದರು ಹುಸೇನಪ್ಪ, ಅವಳ ಮುಖ ನೋಡದೆ.

"ಸಾಲಿ ಬಿಟ್ಟಮ್ಯಾಲ ಬೇವಿನಗಿಡದ ಬುಡಕ ಕೂತು ಕಲಸ್ತೀನ್ರಿ ಸರ್."

ಗವಿಸಿದ್ದೇಶ ಬಂದು ಫೋನ್ ಕೊಟ್ಟ. ಆ ಕಡೆ ಅವನ ಅಕ್ಕ ಶಿವಲಿಂಗಮ್ಮ ಅಳುತ್ತಿದ್ದಳು.

"ಟೀಚರ್ರ... ಅಷ್ಟ್ ಮಂದಿ ಹುಡುಗರು ಹಾಡಿದ್ರೂ ನನ್ನ ಮಗಳ ದನಿ ಗೊತ್ತಾತ್ರಿ ನನಗ! ಉಳದವ್ರದೆಲ್ಲಾ ಒಂದ ನಮೂನಿ ಇತ್ತು. ಆಕಿದೊಂದ ಬ್ಯಾರೆ ಇತ್ರಿ!"

ಮಹೇಶ್ವರಿ ಬಿಕ್ಕಿಬಿಟ್ಟಳು. ತಾನು ಬೇಡವೆಂದು ಮುಚ್ಚಿಸಿದ್ದ ದನಿ, ದೂರದ ತಾಯಿಯೊಬ್ಬಳಿಗೆ ಗುರುತಾದ ಒಂದೇ ದನಿ!

ಸಂಜೆ ಅವನ ಬಸ್ಸಿನಲ್ಲೇ ಎಲ್ಲರೂ ಹೊರಟರು. ಕುಕನೂರು ದಾಟಿದ ಮೇಲೆ ಮಹೇಶ್ವರಿ ಮನೆಗೆ ಫೋನ್ ಮಾಡಿದಳು.

"ಅವ್ವಾ, ಗಂಗಾವತಿ ಮಂದೀನ ಬರಬ್ಯಾಡ ಅನ್ನು. ನನಗ ಆ ಸಂಬಂಧ ಬ್ಯಾಡ."

"ಏನಂದಿ? ಕೇಳಸವಲ್ದು..."

"ಬ್ಯಾಡ ಅವ್ವಾ!"

ಇಡೀ ಬಸ್ಸು ತಿರುಗಿ ನೋಡಿತು. ಆದರೆ ಅವಳಿಗೆ ಎಷ್ಟೋ ದಿನಗಳ ಮೇಲೆ ಎದೆ ತುಂಬ ಉಸಿರು ಬಂತು.

ಗವಿಸಿದ್ದೇಶ ಟಿಕೆಟ್ ಹಿಡಿದು ಬಂದ. "ಅವತ್ತ ಮಂದಿ ಮುಂದ ಹಂಗ ಅನ್ನಬಾರದಿತ್ರಿ. ತಪ್ಪಾತು."

"ನೀವು ಅನ್ನದಿದ್ರ ನನಗ ತಿಳೀತಿರಲಿಲ್ರಿ."

ಅವನು ಹೋಗಲಿಲ್ಲ. ತುಟಿ ಅಲುಗಿತು, ಮಾತು ಬರಲಿಲ್ಲ.

"ನೀವೂ ಬಾಯಿ ಅಷ್ಟ ಆಡಸಾಕತ್ತೀರಲ್ಲ!" ಅವಳು ಕಣ್ಣೀರಿನಲ್ಲೇ ನಕ್ಕಳು.

"ಬಸ್ ತುಂಬ ಮಂದಿ ಅದಾರ್ರಿ..."

"ಅವತ್ತೂ ಇದ್ರಲ್ರಿ?"

ಅವನು ಕಂಬಿ ಗಟ್ಟಿಯಾಗಿ ಹಿಡಿದುಕೊಂಡ. "ನಿಮ್ಮ ಮ್ಯಾಲ ನನಗ ಭಾಳ ಜೀವ ಐತ್ರಿ. ನಿಮ್ಮ ಮನಿಗೆ ಹಿರ್‍ಯಾರನ್ನ ಕರಕೊಂಡ ಬರ್ಲೇನ್ರಿ?"

"ಲಗ್ನ ಆದಮ್ಯಾಲೂ ನಾ ಹಾಡ್ತೀನ್ರಿ."

"ಹಾಡ್ರಿ. ನಮ್ಮ ಮನ್ಯಾಗ ಮದಲ ಒಬ್ಬಾಕಿ ಶ್ರುತಿ ಬಿಟ್ಟು ಹಾಡ್ತಾಳ. ಜೋಡಿಗೆ ಒಬ್ರು ಬೇಕು."

ಹಿಂದಿನ ಸೀಟಿನಲ್ಲಿ ರೇಣುಕಾ ಫೋನ್ ಹಿಡಿದು ಅವ್ವನಿಗೆ ಮತ್ತೆ ಹಾಡುತ್ತಿದ್ದಳು. ಆ ಗದ್ದಲದಲ್ಲಿ ಮಹೇಶ್ವರಿ ಮೆಲ್ಲಗೆ ಏನೋ ಅಂದಳು.

"ಕೇಳಸಲಿಲ್ರಿ ಟೀಚರ್ರ..."

"ಬರ್ರಿ ಅಂದೆ!"