ಎಡಕ್ಕೆ ವಾಲಿದ ನೆರಿಗೆಗಳು

ಆ ರೆಸ್ಟೋರೆಂಟಿನ ಅಡುಗೆಮನೆಯಲ್ಲಿ ದುಡಿಯುವವರು, ರಜೆಯ ದಿನ ಗಿರಾಕಿಗಳಾಗಿ ಬಂದರೂ, ಮುಂದಿನ ಹಾಲ್‌ನಲ್ಲಿ ಕೂತು ಊಟ ಮಾಡುವಂತಿರಲಿಲ್ಲ. ಅವಳು ಅಲ್ಲಿ ಏಳು ವರ್ಷ ಡಂಪ್ಲಿಂಗ್ ಮಡಿಸಿದ್ದಳು.

ನನಗಿದು ಗೊತ್ತಿರಲಿಲ್ಲ. ನಾನು ಹೊರಗಿನವನು, ಫ್ರಿಜ್ ಮೆಕ್ಯಾನಿಕ್. ತಿಂಗಳಿಗೊಮ್ಮೆ ಹಿಂಬಾಗಿಲಿನಿಂದ ಒಳಹೊಕ್ಕು, ಕೋಲ್ಡ್ ರೂಮಿನ ಕಂಪ್ರೆಸರ್‌ಗೆ ಕಿವಿಗೊಟ್ಟು, ಬಾಗಿಲಿನ ರಬ್ಬರ್ ಒತ್ತಿ ನೋಡಿ, ಕಾರ್ಡಿಗೆ ಸಹಿ ಹಾಕಿಸಿಕೊಂಡು ಹೊರಡುವುದು ನನ್ನ ಕೆಲಸ. ಕೋಲ್ಡ್ ರೂಮಿನ ಪಕ್ಕದಲ್ಲೇ ಅವಳ ಸ್ಟೀಲ್ ಮೇಜು. ಹಿಟ್ಟು ಬಿಸಿಯಾದರೆ ಕೈಗೆ ಅಂಟುತ್ತದೆ ಎಂದು ಅವಳನ್ನು ಆ ಚಳಿಯ ಮೂಲೆಯಲ್ಲಿ ನಿಲ್ಲಿಸಿದ್ದರು. ಹಿಟ್ಟಿನ ಆರೋಗ್ಯದ ಬಗ್ಗೆ ಅಷ್ಟು ಕಾಳಜಿ.

ನಾನು ಮೊದಲು ನೋಡಿದ್ದು ಅವಳ ಮುಖವನ್ನಲ್ಲ, ಕೈಯನ್ನು. ಬಲ ಅಂಗೈಯಲ್ಲಿ ತೆಳ್ಳಗೆ ಲಟ್ಟಿಸಿದ ಹಿಟ್ಟಿನ ಬಿಲ್ಲೆ, ಅದರ ನಡುವೆ ಒಂದು ಚಮಚ ಹೂರಣ. ಎಡಗೈಯ ಎರಡು ಬೆರಳು ಅಂಚನ್ನು ಚಿವುಟುತ್ತ, ಮಡಿಸುತ್ತ, ಒತ್ತುತ್ತ ಒಂದು ಸುತ್ತು ಬರುತ್ತಿದ್ದವು. ಒಂದೊಂದಕ್ಕೆ ಹದಿನಾಲ್ಕು ನೆರಿಗೆ. ಕಣ್ಣು ಮಿಟುಕಿಸುವುದರೊಳಗೆ ಒಂದು ಮುಗಿದು ಇನ್ನೊಂದು ಶುರುವಾಗಿರುತ್ತಿತ್ತು.

"ಫ್ರಿಜ್ ಆ ಕಡೆ ಇದೆ ಸ್ವಾಮಿ," ಎಂದಳು, ತಲೆ ಎತ್ತದೆ.

"ಗೊತ್ತು. ಅದು ತಣ್ಣಗಾಗೋವರೆಗೆ ಕಾಯ್ತಿದ್ದೀನಿ."

"ಅದು ತಣ್ಣಗೇ ಇದೆ. ಬಿಸಿ ಆಗಿರೋದು ಯಾರೋ?"

ಪಾತ್ರೆ ತೊಳೆಯುತ್ತಿದ್ದ ಅಕ್ಕ ಕಿಸಕ್ಕೆಂದು ನಕ್ಕಳು. ನಾನು ಕೋಲ್ಡ್ ರೂಮಿನೊಳಗೆ ಹೋಗಿ, ಯಾವ ಕೆಲಸವೂ ಇಲ್ಲದೆ, ಐದು ನಿಮಿಷ ನಿಂತು ಬಂದೆ.

ಅಡುಗೆಮನೆಯಲ್ಲಿ ಎಲ್ಲರೂ ಅವಳನ್ನು 'ಎಡಚಿ' ಎನ್ನುತ್ತಿದ್ದರು. ಅವಳು ನನಗಿಟ್ಟ ಹೆಸರು 'ಐಸ್ ಸಾಹೇಬ್ರು'. ತಿಂಗಳಿಗೊಮ್ಮೆ ಬರುತ್ತಿದ್ದವನು ಹದಿನೈದು ದಿನಕ್ಕೊಮ್ಮೆ ಬರತೊಡಗಿದೆ. ಆಮೇಲೆ ವಾರಕ್ಕೊಮ್ಮೆ. ಕಂಪ್ರೆಸರ್ ಕುದುರೆಯ ಹಾಗೆ ಗಟ್ಟಿಮುಟ್ಟಾಗಿತ್ತು. ಅದರ ಮೇಲೆ ನಾನು ಹೇರಿದ ರೋಗಗಳಿಗೆ ಲೆಕ್ಕವಿರಲಿಲ್ಲ.

"ಐಸ್ ಸಾಹೇಬ್ರೇ, ಈ ತಿಂಗಳು ಇದು ನಾಲ್ಕನೇ ಸಲ. ಜ್ವರ ಫ್ರಿಜ್‌ಗಾ, ನಿಮಗಾ?"

"ಇಬ್ಬರಿಗೂ ಸ್ವಲ್ಪ ಸ್ವಲ್ಪ."

"ಹಾಗಾದ್ರೆ ಇಬ್ಬರನ್ನೂ ಒಳಗೆ ಹಾಕಿ ಬಾಗಿಲು ಮುಚ್ಚಬೇಕು."

ಹಾಗೆಂದು ಓರೆನೋಟದಲ್ಲಿ ನನ್ನನ್ನು ನೋಡಿದಳು. ಹುಬ್ಬಿನ ಮೇಲೆ ಹಿಟ್ಟಿನ ಬಿಳಿ ಗೆರೆ. ಒರೆಸಲೆಂದು ನನ್ನ ಕೈ ಅರ್ಧ ದೂರ ಹೋಗಿ, ತನ್ನ ಉಗುರಿನ ಕಪ್ಪು ನೋಡಿಕೊಂಡು, ಅಲ್ಲೇ ನಿಂತಿತು. ಅವಳು ಅದನ್ನೂ ನೋಡಿದಳು. ತಾನೇ ಮುಂಗೈಯಿಂದ ಒರೆಸಿಕೊಂಡಳು. ಗೆರೆ ಇನ್ನಷ್ಟು ಉದ್ದವಾಯಿತು.

ಒಂದು ದಿನ ಧೈರ್ಯ ಮಾಡಿ ಕೇಳಿದೆ. "ನೀವು ಮಡಿಸಿದ್ದನ್ನ ಒಂದು ಸಲ ಮುಂದಿನ ಹಾಲ್‌ನಲ್ಲಿ ಕೂತು ತಿನ್ನೋಣ. ನಾನೂ ನೀವೂ."

ಅವಳ ಬೆರಳು ನಿಂತವು. "ಬೇರೆ ಎಲ್ಲಾದ್ರೂ ಹೋಗೋಣ."

"ಇಲ್ಲೇ ಯಾಕೆ ಬೇಡ?"

"ಬೇರೆ ಕಡೆ ಅಂದ್ನಲ್ಲ."

ಎರಡನೇ ಸಲ ಕೇಳಿದಾಗಲೂ ಅದೇ ಮಾತು. ಮೂರನೇ ಸಲ ಅವಳು ಹೂರಣದ ಪಾತ್ರೆ ಎತ್ತಿಕೊಂಡು ಆ ಕಡೆ ಹೋದಳು.

ಪ್ರೀತಿಯಲ್ಲಿ ಬಿದ್ದವನಿಗೆ ಹಗ್ಗವೆಲ್ಲ ಹಾವು. ನನ್ನ ಜೊತೆ ಕಾಣಿಸಿಕೊಳ್ಳುವುದು ಅವಳಿಗೆ ನಾಚಿಕೆ ಎಂದು ನಾನೇ ತೀರ್ಮಾನ ಮಾಡಿದೆ. ಗ್ರೀಸ್ ಮೆತ್ತಿದ ಕೈ, ಎಷ್ಟು ತೊಳೆದರೂ ಹೋಗದ ಎಣ್ಣೆ ವಾಸನೆ. ಜೊತೆಯವರೆಲ್ಲ ನೋಡುವಾಗ ಇಂಥವನ ಎದುರು ಕೂರುವುದು ಹೇಗೆ? ಮುಂದಿನ ತಿಂಗಳು ಸರ್ವಿಸ್‌ಗೆ ನನ್ನ ಬದಲು ಬೇರೆಯವನನ್ನು ಕಳಿಸಿದೆ.

ಮೂರು ವಾರ ಕಳೆದಿತ್ತು. ಒಂದು ಮಧ್ಯಾಹ್ನ ನಮ್ಮ ವರ್ಕ್‌ಶಾಪಿನ ಬಾಗಿಲಲ್ಲಿ ಅವಳು ನಿಂತಿದ್ದಳು. ಏಪ್ರನ್ ಇಲ್ಲದೆ ನೋಡಿದ್ದು ಅದೇ ಮೊದಲು. ಹಳೆಯ ಫ್ರಿಜ್‌ಗಳ ಸಾಲಿನ ನಡುವೆ ನಡೆದು ಬಂದು, ಒಂದು ಮರದ ಪೆಟ್ಟಿಗೆಯನ್ನು ಕಾಲಿನಿಂದ ಎಳೆದುಕೊಂಡು ಕೂತಳು.

"ಬಂದಿದ್ದ ಹುಡುಗ ಹೇಳಿದ, ನಿಮಗೆ ನಮ್ಮ ಕಡೆ ಬರೋಕೆ ಪುರುಸೊತ್ತಿಲ್ವಂತೆ."

"ಕೆಲಸ ಜಾಸ್ತಿ."

"ಸುಳ್ಳು ಹೇಳೋಕೂ ಒಂದು ಮುಖ ಬೇಕು, ನಿಮಗಿಲ್ಲ. ಏನಾಯ್ತು ಹೇಳಿ."

ಹೇಳಿದೆ. ಉಗುರಿನ ಕಪ್ಪಿನಿಂದ ಶುರುಮಾಡಿ ಎಲ್ಲವನ್ನೂ. ಅವಳು ಕೇಳಿಸಿಕೊಂಡಳು. ನಗಬೇಕೋ ಬೈಯಬೇಕೋ ತಿಳಿಯದವಳ ಹಾಗೆ ಕೆಳತುಟಿ ಕಚ್ಚಿಕೊಂಡಳು.

"ನನ್ನ ಉಗುರಲ್ಲಿ ಹಿಟ್ಟಿಲ್ವಾ? ನಿಮ್ಮದು ಕಪ್ಪು, ನನ್ನದು ಬಿಳಿ. ಅಷ್ಟೇ ತಾನೇ ವ್ಯತ್ಯಾಸ? ಅಯ್ಯೋ ದೇವರೇ, ಇಷ್ಟು ದೊಡ್ಡ ಮೆಷಿನ್ ಬಿಚ್ಚಿ ಜೋಡಿಸ್ತಾರೆ, ಒಂದು ಹೆಂಗಸನ್ನ ಬಾಯಿಬಿಟ್ಟು ಕೇಳೋಕೆ ಆಗಲ್ಲ."

ಆಮೇಲೆ ಅವಳು ನಿಯಮ ಹೇಳಿದಳು. ಎರಡು ವರ್ಷದ ಹಿಂದೆ, ರಜೆಯ ದಿನ, ಅವಳು ತನ್ನ ಅಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದಳು. ಮಗಳ ಕೈಯಲ್ಲಿ ಅಷ್ಟು ಜನ ಉಣ್ಣುತ್ತಾರಂತೆ, ಒಂದು ಸಲ ನೋಡಬೇಕು ಎಂದು ಅಮ್ಮನಿಗೆ ಆಸೆ. ಕೂತು ಎರಡು ನಿಮಿಷವಾಗಿರಲಿಲ್ಲ, ಮ್ಯಾನೇಜರ್ ಬಂದು ಎಬ್ಬಿಸಿದ. ಗಲಾಟೆ ಇಲ್ಲ, ಜೋರು ಮಾತಿಲ್ಲ. 'ಸ್ಟಾಫ್‌ಗೆ ಇಲ್ಲಿ ಇಲ್ಲಮ್ಮ' ಎಂದನಷ್ಟೇ. ಬಸ್ಸಿನಲ್ಲಿ ಅಮ್ಮ ಕಿಟಕಿಯ ಕಡೆ ನೋಡುತ್ತ ಹೇಳಿದ್ದು ಒಂದೇ ಮಾತು: "ನಂಗೆ ಹಸಿವೇ ಇರ್ಲಿಲ್ಲ ಬಿಡೇ."

"ಹಸಿವಿತ್ತು," ಎಂದಳು ಇವಳು. "ಬೆಳಗ್ಗೆಯಿಂದ ಏನೂ ತಿಂದಿರಲಿಲ್ಲ, ಅಲ್ಲಿ ಚೆನ್ನಾಗಿ ತಿನ್ನೋಣ ಅಂತ."

ನಾನು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟೆ. ಕೈ ಕೆಸರಾದರೆ ಬಾಯಿ ಮೊಸರು ಎಂದು ನಮಗೆ ಹೇಳಿಕೊಟ್ಟವರು ಒಂದು ವಿಷಯ ಮುಚ್ಚಿಟ್ಟಿದ್ದರು: ಕೈ ಒಬ್ಬರದು, ಬಾಯಿ ಇನ್ನೊಬ್ಬರದು.

"ನಾವು ಆ ಕಡೆ ಹೋಗೋದೇ ಬೇಡ," ಎಂದೆ.

"ಈಗ ನೀವು ಬೇಡ ಅಂತೀರಾ? ಮೂರು ಸಲ ಕರೆದವರು ನೀವೇ." ಅವಳು ಎದ್ದು ಬಟ್ಟೆಯ ಧೂಳು ಕೊಡವಿಕೊಂಡಳು. "ಭಾನುವಾರ ನನಗೆ ರಜೆ. ಮಧ್ಯಾಹ್ನ ಟೇಬಲ್ ಹಿಡೀರಿ, ನಿಮ್ಮ ಫೋನಿಂದ."

"ಕೆಲಸ ಹೋದ್ರೆ?"

ಅವಳ ಮನೆಯಲ್ಲಿ ಅಮ್ಮ, ಓದುತ್ತಿರುವ ತಂಗಿ, ಇಬ್ಬರೂ ಅವಳ ಎರಡು ಕೈಗಳನ್ನೇ ನಂಬಿದ್ದರು.

"ಹೆದರಿಕೆ ಇದೆ," ಎಂದಳು. "ಆದ್ರೂ ಹಿಡೀರಿ."

ಭಾನುವಾರ ಅವಳು ಎಲೆಹಸಿರು ಬಣ್ಣದ ಉಡುಪಿನಲ್ಲಿ ಬಂದಳು. ನಾನು ಉಗುರನ್ನು ನಿಂಬೆಹಣ್ಣು, ಸೀಮೆಎಣ್ಣೆ, ಸೋಪು ಎಲ್ಲದರಿಂದಲೂ ಉಜ್ಜಿ ಕೆಂಪು ಮಾಡಿಕೊಂಡಿದ್ದೆ. ಬಾಗಿಲ ಮೇಲೆ ದೊಡ್ಡ ಅಕ್ಷರಗಳು: ಇಲ್ಲಿ ಎಲ್ಲವೂ ಬೆರೆಯುತ್ತದೆ. ಒಳಗೆ ಒಂದು ದೇಶದ ನೂಡಲ್ಸ್ ಇನ್ನೊಂದು ದೇಶದ ತೆಂಗಿನಹಾಲಿನಲ್ಲಿ ಮುಳುಗಿತ್ತು, ಮೂರನೆಯ ದೇಶದ ಉಪ್ಪಿನಕಾಯಿ ನಾಲ್ಕನೆಯ ದೇಶದ ಅನ್ನದ ಮೇಲೆ ಕೂತಿತ್ತು. ಏಷ್ಯಾ ಖಂಡವೇ ಒಂದು ಬಟ್ಟಲಲ್ಲಿ ಸುಖವಾಗಿತ್ತು. ಬೆರೆಯಬಾರದ್ದು ಅಡುಗೆಮನೆಯವರು ಮಾತ್ರ.

ನಮ್ಮ ಟೇಬಲ್ಲಿಗೆ ಬಂದವರು ಹಿರಿಯ ವೇಟರ್. ಒಳಗೆ ಎಲ್ಲರಿಗೂ ಅವರು 'ಮೀಸೆ ಮಾವ'. ಅವಳನ್ನು ಕಂಡು ಅವರ ಕಾಲು ಒಂದು ಕ್ಷಣ ನೆಲಕ್ಕೆ ಅಂಟಿತು. ಕಣ್ಣು ಮ್ಯಾನೇಜರ್ ಕೋಣೆಯ ಕಡೆ ಹೋಗಿ ಬಂತು. ಆಮೇಲೆ ಕುರ್ಚಿ ಎಳೆದು, ಬೆನ್ನು ಬಗ್ಗಿಸಿ, "ಕೂತ್ಕೊಳ್ಳಿ ಮೇಡಂ," ಎಂದರು.

"ಮಾವ, ಮೇಡಂ ಅನ್ಬೇಡಿ, ನಗು ಬರುತ್ತೆ."

"ನಗು ಬಂದ್ರೆ ನಕ್ಕುಬಿಡಿ ಮೇಡಂ. ಇಲ್ಲಿಗೆ ಬರೋರು ಸುಮ್ಮಸುಮ್ಮನೇ ನಗ್ತಾರೆ."

ಅವಳು ಮೆನು ತೆರೆದಳು. ಏಳು ವರ್ಷದಲ್ಲಿ ಅದನ್ನು ಕೈಯಲ್ಲಿ ಹಿಡಿದಿರಲಿಲ್ಲವಂತೆ. ಬೆರಳಿಟ್ಟು ಸಾಲು ಸಾಲಾಗಿ ಓದುತ್ತ ಹೋದವಳು ಒಂದು ಕಡೆ ನಿಂತು, ಬಾಯಿಗೆ ಕೈ ಅಡ್ಡ ಹಿಡಿದಳು.

"ಇಲ್ನೋಡಿ. 'ಹುಣ್ಣಿಮೆ ತೋಟದ ಪಿಸುಮಾತು'. ಇದು ಕುಂಬಳಕಾಯಿ ಕಣ್ರೀ! ಒಳಗೆ ಇದಕ್ಕೆ 'ನಾಲ್ಕು' ಅಂತೀವಿ. 'ನಾಲ್ಕು ಹತ್ತು ಬುಟ್ಟಿ, ಬೇಗ' ಅಂತ ಕೂಗ್ತಾರೆ. ಇಷ್ಟು ವರ್ಷ ನಾನು ಪಿಸುಮಾತು ಮಡಿಸ್ತಿದ್ದೆ ಅಂತ ಒಬ್ಬರೂ ಹೇಳ್ಲಿಲ್ಲ."

ಪಿಸುಮಾತನ್ನೇ ಎರಡು ಬುಟ್ಟಿ ಹೇಳಿದೆವು. ಬಿದಿರಿನ ಮುಚ್ಚಳ ತೆಗೆದಾಗ ಹಬೆ ಎದ್ದು ಅವಳ ಮುಖ ಮರೆಯಾಯಿತು. ಕರಗಿತು, ಮತ್ತೆ ಕಂಡಿತು. ಮೊದಲ ಬುಟ್ಟಿಯಲ್ಲಿ ಎಂಟು. ನಾನು ಬೆರಳಿನಿಂದ ಐದನ್ನು ಒಂದು ಪಕ್ಕಕ್ಕೆ ಸರಿಸಿದೆ.

"ಇವು ನಿಮ್ಮವು, ನಿನ್ನೆ ಮಡಿಸಿಟ್ಟವು. ಆ ಮೂರು ಬೇರೆ ಯಾರದೋ."

"ಹೇಗೆ ಗೊತ್ತು?"

"ನಿಮ್ಮ ನೆರಿಗೆ ಎಡಕ್ಕೆ ವಾಲುತ್ತೆ. ಉಳಿದವರದು ಬಲಕ್ಕೆ."

ಅವಳು ಬಗ್ಗಿ ನೋಡಿದಳು. ತನ್ನ ಕೆಲಸವನ್ನು ಮೊದಲ ಸಲ ಕಂಡವಳ ಹಾಗೆ ನೋಡಿದಳು. "ಮುಖ್ಯ ಅಡುಗೆಯವರು ಇದಕ್ಕೇ ಬೈತಿದ್ರು, ಉಲ್ಟಾ ಮಡಿಸ್ತೀಯ ಅಂತ," ಎಂದಳು ಮೆಲ್ಲಗೆ. "ನೀವು ಯಾವಾಗ ಇದನ್ನೆಲ್ಲ ನೋಡಿದ್ದು?"

"ಕಂಪ್ರೆಸರ್ ರಿಪೇರಿ ಮಾಡುವಾಗ."

"ಕಂಪ್ರೆಸರ್ ಇರೋದು ಆ ಕಡೆ ಗೋಡೇಲಿ."

"ಅದಕ್ಕೇ ರಿಪೇರಿ ಅಷ್ಟು ಸಲ ಮಾಡಬೇಕಾಯ್ತು."

ಅವಳ ಕೆನ್ನೆ ಕೆಂಪಾದದ್ದಕ್ಕೆ ಹಬೆಯನ್ನು ದೂರುವಂತಿರಲಿಲ್ಲ. ಅದು ಆಗಲೇ ಆರಿತ್ತು.

ಚಾಪ್‌ಸ್ಟಿಕ್ ಕಡ್ಡಿಗಳಲ್ಲಿ ಹಿಡಿಯಲು ಹೋದೆ. ಡಂಪ್ಲಿಂಗ್ ಜಾರಿ ಸಾಸ್ ಬಟ್ಟಲಿಗೆ ಧುಮುಕಿ, ನನ್ನ ಬಿಳಿ ಅಂಗಿಗೆ ಮೂರು ಚುಕ್ಕೆ ಇಟ್ಟಿತು. ಅವಳು ಪ್ರಯತ್ನಿಸಿದಳು, ಅವಳದೂ ಜಾರಿತು. ಕೊನೆಗೆ ಇಬ್ಬರೂ ಕಡ್ಡಿ ಬದಿಗಿಟ್ಟು ಕೈ ಹಾಕಿದೆವು. ಪಕ್ಕದ ಟೇಬಲ್ಲಿನ ಹೆಂಗಸು ನಮ್ಮನ್ನೊಮ್ಮೆ, ತನ್ನ ಕಡ್ಡಿಗಳನ್ನೊಮ್ಮೆ ನೋಡಿ ನಿಟ್ಟುಸಿರು ಬಿಟ್ಟಳು.

"ನಿಲ್ಲಿ," ಎಂದಳು ಅವಳು, ನಾನು ಬಾಯಿಗಿಡುವ ಮೊದಲು. "ಮುಖ ಈ ಕಡೆ ತಿರುಗಿಸಿ. ಈಗ ತಿನ್ನಿ."

"ಯಾಕೆ?"

"ಯಾರೂ ತಿನ್ನೋದನ್ನ ನಾನು ನೋಡಿಲ್ಲ. ಬುಟ್ಟಿ ಆ ಬಾಗಿಲು ದಾಟಿ ಹೋಗುತ್ತೆ, ಖಾಲಿ ಬರುತ್ತೆ. ಚೆನ್ನಾಗಿತ್ತೋ, ಉಗಿದ್ರೋ, ಏನೂ ಗೊತ್ತಾಗಲ್ಲ."

ತಿಂದೆ. ಬಾಯಿ ಸುಟ್ಟಿತು, ಕಣ್ಣಲ್ಲಿ ನೀರು ಬಂತು. ಕುಂಬಳದ ಸಿಹಿ, ಶುಂಠಿಯ ಘಾಟು, ಹಿಂದಿನಿಂದ ಮೆಲ್ಲಗೆ ಬರುವ ಹುರಿದ ಎಳ್ಳು. ಅವಳು ನನ್ನ ಮುಖದ ಮೇಲಿಂದ ಕಣ್ಣು ಕೀಳಲಿಲ್ಲ. ನನ್ನ ಗಂಟಲು ಇಳಿದು ಏರುವುದನ್ನೂ ನೋಡಿದಳು. ಅವಳ ತುಟಿ ನನ್ನ ಜೊತೆಯಲ್ಲೇ ಅಲುಗಿತು, ಮಗುವಿಗೆ ಉಣಿಸುವವರ ತುಟಿ ಅಲುಗುವ ಹಾಗೆ.

"ಹೇಗಿದೆ?"

"ಇದನ್ನ ದಿನಾ ನಿಮ್ಮೆದುರು ಕೂತು ತಿನ್ನೋ ಹಾಗೆ ಆಗ್ಬೇಕು," ಎಂದೆ. ಕನ್ನಡಿ ಮುಂದೆ ನಿಂತು ಕಲಿತಿದ್ದ ಮಾತುಗಳೆಲ್ಲ ಮರೆತುಹೋಗಿದ್ದವು. "ಮಡಿಸೋದು ನನಗೂ ಹೇಳಿಕೊಡಿ. ಒಂದು ದಿನ ನೀವು, ಒಂದು ದಿನ ನಾನು. ನನ್ನ ಮದುವೆ ಆಗ್ತೀರಾ?"

ಅವಳ ಬಾಯಲ್ಲಿ ಅರ್ಧ ಡಂಪ್ಲಿಂಗ್ ಇತ್ತು. ಕಣ್ಣರಳಿಸಿ, ಒಂದು ಕೈ ಎತ್ತಿ, ತಡೀರಿ ಎಂದು ಸನ್ನೆ ಮಾಡಿದಳು. ಅಗಿದಳು. ನನ್ನ ಆಯಸ್ಸಿನಲ್ಲಿ ಅಷ್ಟು ದೀರ್ಘವಾದ ಕುಂಬಳಕಾಯಿಯನ್ನು ನಾನು ಕಂಡಿಲ್ಲ.

ಅವಳು ನುಂಗುವ ಮೊದಲೇ ಟೇಬಲ್ ಮೇಲೆ ನೆರಳು ಬಿತ್ತು.

ಮ್ಯಾನೇಜರ್ ನಗುತ್ತಿದ್ದ. ಇಸ್ತ್ರಿ ಮಾಡಿದ ನಗು. ಬಗ್ಗಿ, ಪಕ್ಕದ ಟೇಬಲ್ಲಿಗೆ ಕೇಳದ ಹಾಗೆ ಹೇಳಿದ: "ಏನಮ್ಮಾ ಇದು, ನಿನಗೆ ಗೊತ್ತಿಲ್ದೇ ಇರೋದಾ? ಏಳು. ಪ್ಯಾಕ್ ಮಾಡಿಸಿ ಕೊಡ್ತೀನಿ. ಮನೆಗೆ ಹೋಗಿ ಆರಾಮಾಗಿ ತಿನ್ನಿ."

ನಾನು ಎದ್ದು ಏನೋ ಹೇಳಲು ಹೊರಟೆ. ಅವಳ ಕೈ ನನ್ನ ಕೈಯ ಮೇಲೆ ಬಂತು, ಟೇಬಲ್ಲಿನ ಮೇಲೆಯೇ, ಎಲ್ಲರಿಗೂ ಕಾಣುವ ಹಾಗೆ.

"ಸರ್, ಇದು ಬಿಸಿ ಇದ್ದಾಗ್ಲೇ ತಿನ್ನಬೇಕಾದ್ದು. ಪ್ಯಾಕ್ ಮಾಡಿದ್ರೆ ಹಿಟ್ಟು ಚರ್ಮದ ಹಾಗೆ ಆಗುತ್ತೆ. ಮಾಡೋಳು ನಾನೇ, ನನಗೆ ಗೊತ್ತು."

"ನಿಯಮ ಅಂದ್ರೆ ನಿಯಮ."

"ಯಾರಿಗೆ?"

ಅವನು ಮೀಸೆ ಮಾವನ ಕಡೆ ತಿರುಗಿ, "ಈ ಟೇಬಲ್ ಕ್ಲಿಯರ್ ಮಾಡಿ," ಎಂದ. ಮಾವ ಬಂದರು. ಮೂವರು ಮಕ್ಕಳ ತಂದೆ, ಮನೆಗೆ ಅವರೊಬ್ಬರದೇ ದುಡಿಮೆ. ಅವರು ಯಾರ ಮುಖವನ್ನೂ ನೋಡಲಿಲ್ಲ. ತೆಗೆದಿಟ್ಟಿದ್ದ ಬಿದಿರಿನ ಮುಚ್ಚಳವನ್ನಷ್ಟೇ ಎತ್ತಿಕೊಂಡರು. ತುಂಬಿದ ಬುಟ್ಟಿಯನ್ನು ಅವಳ ಹತ್ತಿರಕ್ಕೆ ಒಂದು ಗೇಣು ಸರಿಸಿ, ಹೊರಟುಹೋದರು.

ಮ್ಯಾನೇಜರ್‌ನ ನಗುವಿನ ಇಸ್ತ್ರಿ ಕೆಟ್ಟಿತು. ಸುತ್ತಲಿನ ಟೇಬಲ್ಲುಗಳಲ್ಲಿ ಕಡ್ಡಿಗಳು ನಿಂತಿದ್ದವು. ಅಡುಗೆಮನೆಯ ಬಾಗಿಲಿನ ಗುಂಡು ಗಾಜಿನ ಹಿಂದೆ ಮುಖಗಳು ಒತ್ತಿಕೊಂಡಿದ್ದವು. ಪಾತ್ರೆ ತೊಳೆಯುವ ಅಕ್ಕನ ಮೂಗು ಗಾಜಿಗಂಟಿ ಚಪ್ಪಟೆಯಾಗಿತ್ತು.

"ಕೊನೇ ಸಲ ಹೇಳ್ತಿದ್ದೀನಿ," ಎಂದ, ಈಗ ಎಲ್ಲರಿಗೂ ಕೇಳುವಷ್ಟು ಜೋರಾಗಿ. "ಏಳದೇ ಇದ್ರೆ ನಾಳೆಯಿಂದ ಬರೋದು ಬೇಡ. ಏಳು."

ಅವಳು ಲೋಟ ಎತ್ತಿ ಒಂದು ಗುಟುಕು ನೀರು ಕುಡಿದಳು. ಬಾಯಿ ಒರೆಸಿಕೊಂಡಳು. ಇನ್ನೊಂದು ಕೈಯನ್ನು ನನ್ನ ಕೈಯಿಂದ ತೆಗೆಯಲಿಲ್ಲ.

"ಒಂದು ನಿಮಿಷ ಸರ್. ಇವರು ನನ್ನ ಏನೋ ಕೇಳಿದ್ದಾರೆ. ಮೊದಲು ಕೇಳಿದವರು ಅವರು."

ನನ್ನ ಕಡೆ ತಿರುಗಿದಳು. ಹುಬ್ಬಿನ ಕೆಳಗೆ ಆ ಕಣ್ಣುಗಳು, ಹೆದರಿದ್ದವು, ನಗುತ್ತಲೂ ಇದ್ದವು. "ಹೂಂ," ಎಂದಳು. "ಆಗ್ತೀನಿ."

ಆಮೇಲೆ ಕುರ್ಚಿಯನ್ನು ಟೇಬಲ್ಲಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡು, ಮ್ಯಾನೇಜರ್‌ನ ಮುಖ ನೋಡಿ ಹೇಳಿದಳು:

"ಏಳಲ್ಲ."