ಕಳಿಸೋ ಮುಂಚೆ ಓದಿ

"ಮೇಷ್ಟ್ರೇ, ಇದು ನಾನಲ್ಲ! ಮೊದಲು ಅಳಿಸಿ ಇದನ್ನ!"

ತರಗತಿಯೇ ತಿರುಗಿ ನೋಡಿತು. ಹೊಸದಾಗಿ ದೇಶಕ್ಕೆ ಬಂದವರಿಗೆ, ಎಐ ಬಳಸಿ ಸ್ವಂತ ವ್ಯಾಪಾರ ಶುರು ಮಾಡುವುದನ್ನು ಕಲಿಸುವ ತರಗತಿ ಅದು. ಕೂಗಿದವಳು ಟೈಲರ್. ಅವಳ ಅಂಗಡಿಗೆಂದು ಎಐ ಬರೆದ ಜಾಹೀರಾತನ್ನು, ಪಾಠ ಹೇಳುವ ಅವನು ಆಗಷ್ಟೇ ಓದಿ ಹೇಳಿದ್ದ.

"ಮೂವತ್ತು ವರ್ಷದ ಅನುಭವ ಅಂತೆ! ನನಗಿನ್ನೂ ಮೂವತ್ತೊಂದು. ತೊಟ್ಟಿಲಲ್ಲೇ ಹೊಲಿಗೆ ಹಾಕ್ತಿದ್ನಾ?"

ಎಲ್ಲರೂ ನಕ್ಕರು. ಅವನು ನಗಲಿಲ್ಲ. ಆರು ವರ್ಷದ ಹಿಂದೆ ಅವನೂ ಹೊಸಬನಾಗಿ ಬಂದು ಇಲ್ಲೇ ಕಲಿಯಲು ಕೂತವನು. ಕುರ್ಚಿ ಎಳೆದುಕೊಂಡು ಅವಳ ಎದುರು ಕೂತ.

"ಸರಿ, ನೀವೇ ಹೇಳಿ. ನೀವು ಯಾರು?"

ಇಲ್ಲಿಗೆ ಬಂದ ಮೇಲೆ ಯಾರೂ ಅವಳನ್ನು ಹಾಗೆ ಕೇಳಿರಲಿಲ್ಲ.

"ಗುಂಡಿ ಹಾಕಿ ಅಂತ ಕೋಟು ಕೊಟ್ರೂ, ಜೇಬು ಹರಿದಿದ್ರೆ ಅದನ್ನೂ ಹೊಲಿದೇ ಕೊಡ್ತೀನಿ. ಅಷ್ಟೇ ನಾನು."

ಅವನು ಅದನ್ನೇ ಬರೆದ. ಆ ಒಂದು ಸಾಲಿಗೇ ಗಿರಾಕಿಗಳು ಬಂದರು!

ಅವರ ಮೆಸೇಜುಗಳಿಗೆ ಎಐ ಉತ್ತರ ಬರೆದಿಡುವ ಹಾಗೆ ಮಾಡಿಕೊಟ್ಟವನೂ ಅವನೇ. "ಹೊಲಿಗೆ ಬಿಟ್ಟು ಬೇರೇನು ಕೇಳಿದ್ರೂ ನಯವಾಗಿ ಆಗಲ್ಲ ಅನ್ನುತ್ತೆ. ಆದ್ರೆ ಕಳಿಸೋ ಮುಂಚೆ ನೀವು ಓದ್ಲೇಬೇಕು."

"ಸಲ ಸಲಕ್ಕೂ ಗಿಣಿಗೆ ಹೇಳಿದ ಹಾಗೆ ಅದನ್ನೇ ಹೇಳ್ತೀರಲ್ಲ!" ಎಂದು ಅವಳು ರೇಗಿಸುತ್ತಿದ್ದಳು.

ಶನಿವಾರ ತಪ್ಪದೆ ಅಂಗಡಿಗೆ ಬರುತ್ತಿದ್ದವನು, ಒಂದು ಶನಿವಾರ ಗುಂಡಿ ಹಾಕಲು ಕೋಟು ಕೊಟ್ಟು ಹೋದ. ಮತ್ತೆ ಬರಲೇ ಇಲ್ಲ. ಮೂರು ವಾರ! ಫೋನ್ ಮಾಡಿದರೆ, "ಸ್ವಲ್ಪ ಕೆಲಸ ಜಾಸ್ತಿ..." ಅಷ್ಟೇ.

'ನನ್ನಿಂದೇನು ತಪ್ಪಾಯ್ತು?' ಕಣ್ಣು ತುಂಬಿ ಸೂಜಿಯೇ ಕಾಣುತ್ತಿರಲಿಲ್ಲ ಅವಳಿಗೆ.

ಜೊತೆಗಿದ್ದ ಅಕ್ಕ ಗದರಿದಳು. "ಮೋರೆ ಊದಿಸ್ಕೊಂಡು ಕೂತ್ರೆ ಆಗುತ್ತಾ? ಮೇಷ್ಟ್ರು ಅಂಗಡಿ ನಂಬರಿಗೆ ಏನಾದ್ರೂ ಕಳಿಸಿದ್ರಾ ನೋಡೇ."

ನೋಡಿದಳು. ಕೋಟು ಕೊಟ್ಟ ದಿನವೇ ಅವನು ಕಳಿಸಿದ್ದ ಮೆಸೇಜು ಇತ್ತು.

"ಇದು ಅಂಗಡಿ ವಿಷಯ ಅಲ್ಲ. ಜೀವನಪೂರ್ತಿ ನಿಮ್ಮ ಜೊತೆ ಇರ್ಬೇಕು ಅನ್ನಿಸ್ತಿದೆ. ಒಪ್ತೀರಾ?"

ಅದರ ಕೆಳಗೇ ಅವಳ ಅಂಗಡಿಯ ಉತ್ತರ: "ವಿಚಾರಿಸಿದ್ದಕ್ಕೆ ಧನ್ಯವಾದಗಳು. ಈ ಕೆಲಸವನ್ನು ನಾವು ಮಾಡುವುದಿಲ್ಲ. ದಯವಿಟ್ಟು ಬೇರೆ ಕಡೆ ವಿಚಾರಿಸಿ."

ಅಯ್ಯೋ! ಶಾಲೆ ಶುರುವಾಗುವ ವಾರ ಅದು. ಯೂನಿಫಾರ್ಮಿನ ನಲವತ್ತು ಮೆಸೇಜು ಒಟ್ಟಿಗೆ ಬಂದಿದ್ದವು. ಓದಲು ಪುರಸೊತ್ತಿಲ್ಲದೆ 'ಎಲ್ಲವನ್ನೂ ಕಳಿಸು' ಒತ್ತಿಬಿಟ್ಟಿದ್ದಳು.

ಕೋಟು ಹಿಡಿದು ತರಗತಿಗೆ ಓಡಿದಳು. ಅವನೊಬ್ಬನೇ ಕುರ್ಚಿ ಜೋಡಿಸುತ್ತಿದ್ದ.

"ಮೇಷ್ಟ್ರೇ... ಆ ಉತ್ತರ ನಾನು ಬರೆದಿದ್ದಲ್ಲ."

"ಗೊತ್ತು. ಆ ಮಾತು ಎಐಗೆ ಹೇಳಿಕೊಟ್ಟಿದ್ದೇ ನಾನು. ನೀವು ಓದಿಯೇ ಕಳಿಸಿರ್ತೀರಿ ಅಂದ್ಕೊಂಡೆ."

"ಓದ್ಲಿಲ್ಲ! ನೀವು ಅಷ್ಟು ಬಾಯಿ ಬಡ್ಕೊಂಡ್ರೂ ಓದ್ಲಿಲ್ಲ!" ಅವಳು ಅತ್ತೇಬಿಟ್ಟಳು.

ಅವನು ಕೋಟು ತೆಗೆದುಕೊಂಡು ಜೇಬಿಗೆ ಕೈ ಹಾಕಿದ. "ಗುಂಡಿ ಮಾತ್ರ ಕೇಳಿದ್ದೆ..."

"ಜೇಬೂ ಹರಿದಿತ್ತು. ನೀವು ಬರ್ಲಿಲ್ಲ ಅಂತ ಮೂರು ವಾರ ಬಿಚ್ಚಿ ಬಿಚ್ಚಿ ಹೊಲಿದೆ."

ಕಣ್ಣೊರೆಸಿಕೊಂಡು, ಒಂದೇ ಬೆರಳಿನಲ್ಲಿ ನಿಧಾನವಾಗಿ ಟೈಪ್ ಮಾಡಿದಳು. ಅವನ ಫೋನ್ ಸದ್ದು ಮಾಡಿತು.

"ಒಪ್ಪಿದೆ. ಬೇರೆ ಕಡೆ ವಿಚಾರಿಸ್ಬೇಡಿ."

"ಕಳಿಸೋ ಮುಂಚೆ... ಓದಿದ್ರಾ?" ಅವನು ಕೇಳಿದ.

"ಮೂರು ಸಲ ಓದ್ದೆ, ಮೇಷ್ಟ್ರೇ."