ಕಪ್ಪಿನ ಕೆಳಗಿನ ಕುರ್ಚಿ

ಅಮ್ಮನನ್ನು ಮಣ್ಣು ಮಾಡಲು ನಾನು ಒಹಾಯೋಗೆ ಹೋಗಿದ್ದಾಗ, ಅವಳ ಹಳದಿ ಕುರ್ಚಿಯನ್ನು ನಾನು ಬರೆದಿದ್ದ ಚಿತ್ರದ ಮೇಲೆ ನನ್ನ ಗಂಡ ಆರ್ವಿಲ್ ಕಪ್ಪು ಬಳಿದುಬಿಟ್ಟ.

"ಕ್ಯಾನ್ವಾಸ್ ಮುಗಿದ್ಹೋಗಿತ್ತು ಕಣೇ. ನಿಂದು ಬರೀ ಕುರ್ಚಿ ತಾನೇ?" ಎಂದ.

ಆ ಕಪ್ಪು ಚಿತ್ರವೇ ನ್ಯೂಯಾರ್ಕಿನಲ್ಲಿ ಅವನನ್ನು ದೊಡ್ಡ ಕಲಾವಿದನನ್ನಾಗಿ ಮಾಡಿತು. ಅದರಡಿ ನನ್ನ ಕುರ್ಚಿ ಇದೆಯೆಂದು ಬೇರೆ ಯಾರಿಗೂ ಗೊತ್ತಿರಲಿಲ್ಲ.

ಅವನು ಸತ್ತ ವರ್ಷ, ಒಂದು ಮಧ್ಯಾಹ್ನ, ಮ್ಯೂಸಿಯಮ್ಮಿನಲ್ಲಿ ಅದರ ಮುಂದೆ ನಿಂತೆ. ಇಪ್ಪತ್ತೆರಡು ವರ್ಷ ಹಳೆಯ ಚಿತ್ರದಿಂದ ಹಸಿ ಎಣ್ಣೆಬಣ್ಣದ ವಾಸನೆ ಬರುತ್ತಿತ್ತು.

"ಮುಟ್ಬೇಡಿ ಮೇಡಂ, ಅಂಟುತ್ತೆ," ಎಂದು ಕಾವಲುಗಾರ ತನ್ನ ಹಳದಿ ಬೆರಳು ತೋರಿಸಿದ. "ದಿನಾ ಒಂಚೂರು ಮೇಲೆ ಬರ್ತಿದೆ. ಮೊದ್ಲು ಕುರ್ಚಿ ಬಂತು. ಈಗ ನೋಡಿ, ಅದ್ರಲ್ಲಿ ಕೂತಿರೋನು ಎಡಕ್ಕೆ ವಾಲಿರೋದೂ ಕಾಣುತ್ತೆ."

ಆರ್ವಿಲ್ ಹಾಗೇ ಕೂರುತ್ತಿದ್ದ.

ನಾನು ಬರೆದದ್ದು ಖಾಲಿ ಕುರ್ಚಿ.